ಇಂಟರ್ನಲ್ಸ್ ವಾರದಲ್ಲೇ ಹೊಳೆ ಬಂದರೆ?

ಈ ಸಲ ಬಂದ ಪತ್ರಗಳಲ್ಲಿ ಒಂದೇ ವಿಷಯದವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕಾಲೇಜಿಗೂ ಹೋಗಬೇಕು, ಅಪಘಾತ, ಪ್ರವಾಹ ಅಂತ ಕರೆ ಬಂದರೆ ಓಡಲೂಬೇಕು, ಎರಡನ್ನೂ ಹೇಗೆ ನಿಭಾಯಿಸೋದು? ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಕೇಳಿದ್ದಾರೆ. ಯಾರ ಹೆಸರೂ ಹಾಕಿಲ್ಲ. ಮೊದಲ ಪತ್ರಕ್ಕೆ ಉತ್ತರ ಉದ್ದ ಆಗಿದೆ, ಯಾಕಂದರೆ ಆ ಹುಡುಗ ಕೇಳಿದ್ದನ್ನು ಇನ್ನೂ ಎಷ್ಟೋ ಜನ ಕೇಳಬೇಕು ಅಂತಿದ್ದಾರೆ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರಿಗೆ ಸರ್ಕಾರ ಕೊಡುವ ಆಪದ ಮಿತ್ರ ತರಬೇತಿ ಮುಗಿಸಿ ಒಂದು ತಂಡದ ಜೊತೆ ಇದ್ದೇನೆ. ರಸ್ತೆ ಅಪಘಾತ, ಖಣಿಯಲ್ಲಿ ಮುಳುಗಿದವರನ್ನು ಹುಡುಕೋದು, ಹೊಳೆ ಬಂದಾಗ ಜನರನ್ನು ಸಾಗಿಸೋದು, ಎಲ್ಲದಕ್ಕೂ ಹೋಗ್ತೀನಿ. 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ಉಕ್ಕಿದಾಗ ಒಂದು ಇಂಟರ್ನಲ್ಸ್ ತಪ್ಪಿತು. ಆಮೇಲೆ ಒಂದು ಸಬ್ಜೆಕ್ಟ್‌ನಲ್ಲಿ ಅಟೆಂಡೆನ್ಸ್ ಶಾರ್ಟೇಜ್ ಅಂತ ನೋಟಿಸ್ ಬೋರ್ಡಿನಲ್ಲಿ ಹೆಸರೂ ಬಂತು. ಅಪ್ಪ ಆಟೋ ಓಡಿಸ್ತಾರೆ. ‘ಮೊದಲ ಡಿಗ್ರಿ ಮುಗ್ಸು, ಊರಿನ ಕೆಲಸ ಆಮ್ಯಾಲ’ ಅಂತಾರೆ. ತಂಡದ ಹಿರಿಯರು ‘ಕಾಲೇಜ್ ಹುಡುಗರು ಹೊತ್ತಿಗೆ ಸಿಗಂಗಿಲ್ಲ’ ಅಂತಾರೆ. ತಂಡ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಆದರೆ ಈಗ ಮಾಡುತ್ತಿರುವ ಹಾಗೆ ಮುಂದುವರಿಸಲೂ ಬೇಡಿ. ‘ಎಲ್ಲದಕ್ಕೂ ಹೋಗ್ತೀನಿ’ ಅಂತ ಬರೆದಿದ್ದೀರಲ್ಲ, ತೊಂದರೆ ಇರೋದು ಅಲ್ಲೇ.

ಅಗ್ನಿಶಾಮಕ ಠಾಣೆಯವರನ್ನು ನೋಡಿ, 108ರ ಸಿಬ್ಬಂದಿಯನ್ನು ನೋಡಿ. ಸಂಬಳಕ್ಕೆ ಇದೇ ಕೆಲಸ ಮಾಡುವವರು ಅವರು. ಅವರೂ ಪಾಳಿಯಲ್ಲೇ ಮಾಡ್ತಾರೆ. ಪಾಳಿ ಮುಗಿದರೆ ಮನೆಗೆ ಹೋಗಿ ಮಲಗ್ತಾರೆ, ಅದಕ್ಕೆ ಯಾರೂ ಅವರನ್ನು ಸ್ವಾರ್ಥಿ ಅನ್ನಲ್ಲ. ಸ್ವಯಂಸೇವಕರಿಗೆ ಮಾತ್ರ ಪಾಳಿ ಬೇಡ, ಫೋನ್ ಬಂದಾಗೆಲ್ಲ ಓಡಬೇಕು ಅನ್ನೋದು ಎಲ್ಲಿಂದ ಬಂತೋ. ಪಾಳಿ ಇಲ್ಲದ ತಂಡಗಳಲ್ಲಿ ಆಗೋದು ಒಂದೇ. ಉತ್ಸಾಹ ಇರುವ ನಾಲ್ಕು ಹುಡುಗರು ಮೊದಲ ಕೆಲವು ತಿಂಗಳು ಹಗಲು ರಾತ್ರಿ ಅನ್ನದೆ ಓಡ್ತಾರೆ, ಆಮೇಲೆ ಎರಡು ಸಬ್ಜೆಕ್ಟ್ ಬ್ಯಾಕ್ ಉಳೀತದೆ, ಮನೆಯಲ್ಲಿ ಜಗಳ ಆಗ್ತದೆ, ಒಂದು ದಿನ ಯಾರಿಗೂ ಹೇಳದೆ ಗ್ರೂಪಿನಿಂದ ಹೊರಗೆ ಹೋಗ್ತಾರೆ. ಆಪದ ಮಿತ್ರ ತರಬೇತಿಯಲ್ಲಿ 12 ದಿನ ಕೂತು ಕಲಿತ ವಿದ್ಯೆ ಅಲ್ಲಿಗೆ ಮುಗೀತು. ನೀವು ಹಾಗೆ ಆಗಬಾರದು ಅಂತ ನನಗೆ ಆಸೆ. ಹತ್ತು ವರ್ಷ ಇರುವ ಸ್ವಯಂಸೇವಕ ಬೇಕು ನಮ್ಮ ಜಿಲ್ಲೆಗೆ, ಹತ್ತು ತಿಂಗಳು ಇರುವವನಲ್ಲ.

ಮೊದಲು ಲೆಕ್ಕ ಹಾಕಿ. ನಿಮ್ಮ ಕಾಲೇಜು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯದಾದರೆ ಪ್ರತಿ ಸಬ್ಜೆಕ್ಟ್‌ಗೂ ಶೇ. 85 ಹಾಜರಾತಿ ಬೇಕು. ಸೆಮಿಸ್ಟರ್‌ನಲ್ಲಿ ಒಂದು ಸಬ್ಜೆಕ್ಟ್‌ಗೆ 40 ಕ್ಲಾಸ್ ಇದ್ದರೆ ನೀವು ತಪ್ಪಿಸಬಹುದಾದದ್ದು ಆರೇ ಆರು. ಈ ಆರರಲ್ಲಿ ಜ್ವರ ಬಂದದ್ದು, ಊರಲ್ಲಿ ಮದುವೆ, ಬಸ್ ತಪ್ಪಿದ್ದು ಎಲ್ಲ ಸೇರಿದೆ. ಹಾಗಾಗಿ ತುರ್ತು ಕೆಲಸಕ್ಕೆ ಅಂತ ನಿಮ್ಮ ಹತ್ತಿರ ಇರೋದು ಸಬ್ಜೆಕ್ಟ್‌ಗೆ ಮೂರು ಅಥವಾ ನಾಲ್ಕು ಕ್ಲಾಸ್ ಅಷ್ಟೇ. ಕಾರಣ ಸರಿಯಿದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ. 10ರವರೆಗೆ ರಿಯಾಯಿತಿ ಸಿಗಬಹುದು, ಆದರೆ ಅದು ಕೇಳಿದವರಿಗೆಲ್ಲ ಸಿಗೋದಲ್ಲ, ಅದನ್ನು ನಂಬಿ ಕೂರಬೇಡಿ. ಇನ್ನೊಂದು ಗಮನಿಸಿ. ಸೋಮವಾರ ಬೆಳಗ್ಗೆ ಎರಡು ಸಲ ತಪ್ಪಿಸಿದರೆ ಹೋಗೋದು ಸೋಮವಾರದ ಅದೇ ಸಬ್ಜೆಕ್ಟ್‌ನ ಹಾಜರಾತಿ. ನಿಮಗೆ ಒಂದೇ ಸಬ್ಜೆಕ್ಟ್‌ನಲ್ಲಿ ಶಾರ್ಟೇಜ್ ಬಂದಿದೆ ಅಂದರೆ ಬಹುಶಃ ಆಗಿರೋದೂ ಅದೇ. ಭಾನುವಾರ ರಾತ್ರಿ ಕೆಲಸಕ್ಕೆ ಹೋಗಿ ಸೋಮವಾರ ಮೊದಲ ಅವಧಿಗೆ ಏಳಲು ಆಗಿರಲ್ಲ. ಟೈಮ್‌ಟೇಬಲ್ ಎದುರಿಗೆ ಇಟ್ಟುಕೊಂಡು ನೋಡಿ, ಗೊತ್ತಾಗ್ತದೆ.

ಆಮೇಲೆ ಪಾಳಿ. ವಾರಕ್ಕೆ ಎರಡು ಸಂಜೆ, ಒಂದು ರಾತ್ರಿ. ಆ ರಾತ್ರಿ ಶನಿವಾರದ್ದೇ ಇರಲಿ, ಭಾನುವಾರ ನಿದ್ದೆ ಮಾಡಬಹುದು. ಇದನ್ನು ತಂಡದ ಮುಖ್ಯಸ್ಥರಿಗೆ ತಿಂಗಳ ಮೊದಲೇ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಮರೀತಾರೆ. ಸೆಮಿಸ್ಟರ್ ಪರೀಕ್ಷೆಗೆ ಮೂರು ವಾರ ಮುಂಚಿನಿಂದ ಕೊನೆಯ ಪೇಪರ್ ಮುಗಿಯುವವರೆಗೆ ನೀವು ಪಟ್ಟಿಯಲ್ಲೇ ಇರಬಾರದು. ಅಷ್ಟು ದಿನ ಹುಡುಗ ಇಲ್ಲ ಅಂತ ಅವರಿಗೆ ಮೊದಲೇ ಗೊತ್ತಿದ್ದರೆ ಬೇರೆ ಯಾರನ್ನಾದರೂ ಹಾಕಿಕೊಳ್ತಾರೆ. ಹಿರಿಯರ ಮಾತಿಗೂ ಇದೇ ಉತ್ತರ. ಅವರಿಗೆ ಬೇಜಾರು ತಂದದ್ದು ನೀವು ಬರದೇ ಇದ್ದದ್ದಕ್ಕಿಂತ, ಬರ್ತೀರೋ ಇಲ್ಲವೋ ಗೊತ್ತಾಗದೇ ಇದ್ದದ್ದು. ಸ್ಟ್ರೆಚರ್ ಹಿಡಿಯಲು ನಾಲ್ಕು ಜನ ಬೇಕು, ಮೂವರು ಬಂದಿದ್ದಾರೆ, ನಾಲ್ಕನೆಯವನ ಫೋನ್ ರಿಂಗ್ ಆಗ್ತಾ ಇದೆ, ಎತ್ತುತ್ತಿಲ್ಲ. ಅಲ್ಲಿ ನಿಂತವರ ಸಂಕಟ ಯೋಚನೆ ಮಾಡಿ. ‘ಈ ವಾರ ನಾನಿಲ್ಲ ಕಾಕಾ’ ಅಂತ ಸೋಮವಾರವೇ ಹೇಳಿದ ಹುಡುಗನನ್ನು ಅವರು ಖಂಡಿತ ನಂಬ್ತಾರೆ.

ಈಗ ಫೋನಿನ ಮಾತು. ಓದಿಗೆ ಜಾಸ್ತಿ ಹೊಡೆತ ಕೊಡೋದು ನಿಜವಾದ ಕರೆಗಳಲ್ಲ, ವಾಟ್ಸ್‌ಆ್ಯಪ್ ಗ್ರೂಪ್. ಎಲ್ಲೋ ಏನೋ ಆಯ್ತಂತೆ ಅಂತ ಒಬ್ಬರು ಹಾಕ್ತಾರೆ, ಇನ್ನೊಬ್ಬರು ಎಲ್ಲಿ ಅಂತಾರೆ, ಮತ್ತೊಬ್ಬರು ಹಳೆಯ ವಿಡಿಯೋ ಹಾಕ್ತಾರೆ, ಅಷ್ಟರಲ್ಲಿ 108 ಬಂದು ಹೋಗಿರ್ತದೆ. ನೀವು ಮಾತ್ರ ಪುಸ್ತಕ ತೆರೆದಿಟ್ಟು ಒಂದು ಗಂಟೆ ಸ್ಕ್ರೀನ್ ನೋಡ್ತಾ ಕೂತಿರ್ತೀರಿ. ಗ್ರೂಪನ್ನು ಮ್ಯೂಟ್ ಮಾಡಿ. ನಿಜಕ್ಕೂ ಬೇಕಾದಾಗ ತಂಡದ ಮುಖ್ಯಸ್ಥರು ನೇರವಾಗಿ ಕರೆ ಮಾಡಲಿ, ಅವರೊಬ್ಬರ ನಂಬರಿಗೆ ಬೇರೆ ರಿಂಗ್‌ಟೋನ್ ಇಟ್ಟುಕೊಳ್ಳಿ. ಪಾಳಿ ಇಲ್ಲದ ದಿನ ಆ ಕರೆಯೂ ಬರಬಾರದು ಅಂತ ಮಾತಾಡಿಕೊಳ್ಳಿ. ಅಪಘಾತ ಆದ ಜಾಗಕ್ಕೆ ಕರೆಯದೆ ಹೋಗಿ ನಿಲ್ಲುವ ಅಭ್ಯಾಸ ಅಂತೂ ಬೇಡವೇ ಬೇಡ. ಜನ ಹೆಚ್ಚಾದಷ್ಟೂ ಆಂಬುಲೆನ್ಸಿಗೆ ದಾರಿ ಸಿಗಲ್ಲ.

ಆದರೆ ಹೊಳೆ ಬೇರೆ. ಹೊಳೆ ಬಂದಾಗ ಪಾಳಿ ನೋಡಿಕೊಂಡು ಕೂರಲು ಯಾರಿಗೂ ಮನಸ್ಸು ಬರಲ್ಲ, ಬರಬಾರದು ಕೂಡ. 2020ರ ಅಕ್ಟೋಬರ್‌ನಲ್ಲಿ ಅಫಜಲಪುರ, ಜೇವರ್ಗಿ ಕಡೆ ಏನಾಯ್ತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆಗ ನೀವು ಶಾಲೆಯಲ್ಲಿ ಇದ್ದಿರಬೇಕು. ನೀವು ಗಮನಿಸಬೇಕಾದದ್ದು ಏನೆಂದರೆ, ಭೀಮಾ ಹೇಳದೇ ಬರುವ ಹೊಳೆ ಅಲ್ಲ. ಮಹಾರಾಷ್ಟ್ರದಲ್ಲಿ ಉಜನಿ, ವೀರ್ ಜಲಾಶಯಗಳಿಂದ ನೀರು ಬಿಟ್ಟದ್ದು ಸುದ್ದಿ ಆಗ್ತದೆ. ಆ ನೀರು ಸೊನ್ನ ಬ್ಯಾರೇಜ್ ದಾಟಿ, ಗಾಣಗಾಪುರದ ಬದಿಯಿಂದ ಹಾದು, ಕಟ್ಟಿಸಂಗಾವಿ ಸೇತುವೆ ಹತ್ತಿರ ಬರುವಷ್ಟರಲ್ಲಿ ನಿಮಗೆ ಒಂದಿಷ್ಟು ಹೊತ್ತು ಸಿಗ್ತದೆ. ಆ ಹೊತ್ತನ್ನು ಗ್ರೂಪಿನಲ್ಲಿ ವಿಡಿಯೋ ನೋಡಿ ಕಳೆಯಬೇಡಿ. ಲ್ಯಾಬ್ ರೆಕಾರ್ಡ್ ಬಾಕಿ ಇದ್ದರೆ ಅವತ್ತೇ ಬರೆದು ಮುಗಿಸಿ, ಅಸೈನ್‌ಮೆಂಟ್ ಕೊಟ್ಟುಬಿಡಿ, ಎಚ್‌ಓಡಿ ಹತ್ತಿರ ಹೋಗಿ ಹೇಳಿ, ರಾತ್ರಿ ಪೂರ್ತಿ ನಿದ್ದೆ ಮಾಡಿ. ಕಾಗಿಣಾ ಹೀಗಲ್ಲ, ಮುಲ್ಲಾಮಾರಿ ಹೀಗಲ್ಲ. ಸೇಡಂ, ಚಿಂಚೋಳಿ ಕಡೆ ಜೋರು ಮಳೆ ಬಿದ್ದರೆ ಮಳಖೇಡದ ಸೇತುವೆ, ದಂಡೋತಿ ಸೇತುವೆ ಮೇಲೆ ನೀರು ಬರಲು ಜಾಸ್ತಿ ಹೊತ್ತು ಬೇಕಿಲ್ಲ. ಆ ಕಡೆ ಊರಿನ ಹುಡುಗರೇ ಮೊದಲು ಸಿಗುವವರು, ನೀವು ಕಲಬುರಗಿಯಿಂದ ಹೊರಟು ಮುಟ್ಟುವಷ್ಟರಲ್ಲಿ ದಾರಿಯೇ ಬಂದ್ ಆಗಿರಬಹುದು.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಜಾಸ್ತಿ ಹೇಳಲ್ಲ. ಹೊಳೆ ಬಂದ ಮೊದಲ ದಿನ ಕೈಗಳಿಗೆ ಕೊರತೆ ಇರಲ್ಲ. ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಸ್ಪಂದನಾ ಪಡೆ) ಇರ್ತದೆ, ಅಗ್ನಿಶಾಮಕ ದಳ ಇರ್ತದೆ, ಪೊಲೀಸರು, ಮೀನುಗಾರರ ತೆಪ್ಪ, ಕ್ಯಾಮೆರಾ, ಎಲ್ಲ ಇರ್ತದೆ. ಐದನೇ ದಿನ ಬನ್ನಿ. ಕಾಳಜಿ ಕೇಂದ್ರದಲ್ಲಿ ಮುದುಕಿಯೊಬ್ಬಳ ಬಿಪಿ ಮಾತ್ರೆ ನೀರಲ್ಲಿ ಹೋಗಿದೆ, ಮಾತ್ರೆಯ ಹೆಸರು ಗೊತ್ತಿಲ್ಲ, ‘ಬೆಳ್ಳಗ, ಸಣ್ಣದು’ ಅಂತಾಳೆ. ಆಧಾರ್ ಕಾರ್ಡು, ಪಾಸ್‌ಬುಕ್ಕು ಒದ್ದೆ ಆಗಿ ಒಂದಕ್ಕೊಂದು ಅಂಟಿಕೊಂಡಿವೆ, ಅದನ್ನು ಹರಿಯದಂತೆ ಬಿಡಿಸಿ ಬಿಸಿಲಿಗೆ ಹರಡಬೇಕು, ಪರಿಹಾರದ ಅರ್ಜಿ ತುಂಬಿಸಬೇಕು. ಮನೆಯೊಳಗೆ ಮೊಣಕಾಲುದ್ದ ರಾಡಿ. ಆಗ ಜನ ಇರಲ್ಲ. ಇಂಟರ್ನಲ್ಸ್ ಬರೆದು ಮುಗಿಸಿ ಐದನೇ ದಿನ ಬಂದ ಹುಡುಗನಿಂದ ಊರಿಗೆ ಆಗುವ ಉಪಕಾರ ಮೊದಲ ದಿನ ಬಂದವನಿಗಿಂತ ಕಡಿಮೆ ಅಂತ ನಾನು ಒಪ್ಪಲ್ಲ. ಇಂಟರ್ನಲ್ಸ್ ವಾರದಲ್ಲಿ ಹೊಳೆ ಬಂದರೆ ಪರೀಕ್ಷೆ ಬರೆಯಿರಿ, ಆಮೇಲೆ ಹೋಗಿ. ಒಂದೇ ಒಂದು ಅಪವಾದ ಅಂದರೆ, ತಂಡದಲ್ಲಿ ಬೋಟ್ ನಡೆಸಲು ಗೊತ್ತಿರೋದು ನಿಮಗೊಬ್ಬರಿಗೇ ಆಗಿದ್ದರೆ. ಹಾಗಿದ್ದರೆ ಹೋಗಿ, ಮತ್ತು ವಾಪಸ್ ಬಂದಮೇಲೆ ಇನ್ನಿಬ್ಬರಿಗೆ ಅದನ್ನು ಕಲಿಸಿ.

ಕಾಲೇಜಿಗೆ ವಿಷಯ ತಿಳಿಸೋದು ಹೇಗೆ ಅಂತಾನೂ ಹೇಳ್ತೀನಿ. ಬಹಳ ಹುಡುಗರು ತಪ್ಪಿಸಿದ ಮೇಲೆ ಹೋಗಿ ಸಾರ್ ಹೀಗಾಯ್ತು ಅಂತಾರೆ. ಆಗ ಅದು ನೆಪದ ಥರ ಕೇಳ್ತದೆ. ಸೆಮಿಸ್ಟರ್ ಶುರುವಾದ ಮೊದಲ ವಾರದಲ್ಲೇ ತರಬೇತಿ ಪ್ರಮಾಣಪತ್ರದ ಜೆರಾಕ್ಸ್ ಇಟ್ಟು ಒಂದು ಪತ್ರ ಕೊಡಿ, ತಂಡದ ಮುಖ್ಯಸ್ಥರ ನಂಬರ್ ಅದರಲ್ಲೇ ಬರೆಯಿರಿ. ಪ್ರವಾಹದ ಕೆಲಸಕ್ಕೆ ಜಿಲ್ಲಾಡಳಿತ ಕರೆದದ್ದಾದರೆ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಿಂದ ಆ ದಿನಗಳಿಗೆ ಹಾಜರಿ ಪತ್ರ ಕೇಳಿ ತನ್ನಿ. ವಿಟಿಯುನಲ್ಲಿ ಡಿಗ್ರಿ ಸಿಗಲು ಪಾಠದ ಹೊರಗಿನ ಚಟುವಟಿಕೆಗೆ ಕೊಡುವ 100 ಆಕ್ಟಿವಿಟಿ ಪಾಯಿಂಟ್ ಬೇಕಲ್ವಾ, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಕಾಳಜಿ ಕೇಂದ್ರದಲ್ಲಿ ಮಾಡಿದ ಕೆಲಸವನ್ನು ಫೋಟೊ, ದಿನಾಂಕ, ಗಂಟೆ ಸಮೇತ ಬರೆದಿಟ್ಟರೆ ಅದಕ್ಕೆ ಸೇರುತ್ತದಾ ಅಂತ ನಿಮ್ಮ ಮೆಂಟರ್ ಹತ್ತಿರ ಕೇಳಿ. ಹೇಗೂ ಮಾಡಿದ ಕೆಲಸ, ಕೇಳೋದರಲ್ಲಿ ನಾಚಿಕೆ ಏನೂ ಇಲ್ಲ.

ದಿನಾಂಕ ಮೊದಲೇ ಗೊತ್ತಿರುವ ಕೆಲಸಗಳನ್ನು ಮರೆಯಬೇಡಿ. ಹೋಳಿ ಆದಮೇಲೆ ಶರಣಬಸವೇಶ್ವರರ ಜಾತ್ರೆ, ಬಂದೇ ನವಾಜರ ಉರುಸು, ಸಂಕ್ರಾಂತಿಗೆ ಯಾದಗಿರಿಯ ಮೈಲಾಪುರ ಜಾತ್ರೆ. ಜನಜಂಗುಳಿಯಲ್ಲಿ ತಲೆ ಸುತ್ತಿ ಬಿದ್ದವರು, ಕಳೆದುಹೋದ ಮಕ್ಕಳು, ನೀರು ಸಿಗದೆ ಒದ್ದಾಡುವ ವಯಸ್ಸಾದವರು. ಕ್ಯಾಲೆಂಡರ್ ನೋಡಿ ಮೊದಲೇ ಗುರುತು ಹಾಕಿಕೊಳ್ಳಬಹುದಾದ ಸೇವೆ ಇದು, ವಿದ್ಯಾರ್ಥಿಗಳಿಗೆ ಸರಿಯಾಗಿ ಒಗ್ಗುವಂಥದ್ದು.

ನಿದ್ದೆ ಬಗ್ಗೆ ಒಂದು ಮಾತು, ಇದು ಆಜ್ಞೆ ಅಂತಾನೇ ತಿಳ್ಕೊಳ್ಳಿ. ಹದಿನೇಳು ಹದಿನೆಂಟು ಗಂಟೆ ಎಚ್ಚರ ಇದ್ದ ಮನುಷ್ಯನ ಗಮನ ಮದ್ಯ ಕುಡಿದವನ ಗಮನದಂತೆ ಕುಗ್ಗುತ್ತದೆ. ರಾತ್ರಿಯೆಲ್ಲ ಕೆಲಸ ಮಾಡಿ ಬೆಳಗ್ಗೆ ಬೈಕ್ ಓಡಿಸಿಕೊಂಡು ಕಾಲೇಜಿಗೆ ಹೋಗಬೇಡಿ. ಬಸ್ಸಿಗೆ ಹೋಗಿ, ಇಲ್ಲವಾದರೆ ಆ ದಿನದ ಮೊದಲೆರಡು ಅವಧಿ ಬಿಟ್ಟು ಮಲಗಿ. ಆ ಆರು ಕ್ಲಾಸ್ ಇರೋದು ಇಂಥ ದಿನಕ್ಕೇ. ಬಿಡಿ, ನಿಮ್ಮ ಅಪ್ಪ ಆಟೋ ಓಡಿಸ್ತಾರೆ ಅಂದಿರಲ್ಲ, ರಸ್ತೆ ಮೇಲೆ ನಿದ್ದೆ ಏನು ಮಾಡ್ತದೆ ಅಂತ ಅವರಿಗೇ ಚೆನ್ನಾಗಿ ಗೊತ್ತು. ಪಾಳಿಯ ಪಟ್ಟಿ ಆದಮೇಲೆ ಒಂದು ಪ್ರತಿ ಅವರ ಕೈಗೂ ಕೊಡಿ. ಮಗ ಯಾವ ರಾತ್ರಿ ಮನೆಯಲ್ಲಿ ಇರ್ತಾನೆ ಅಂತ ಗೊತ್ತಾದರೆ ಅವರ ಅರ್ಧ ಸಿಟ್ಟು ಇಳೀತದೆ.

ಪ್ರಶ್ನೆ: ನಾನು ಬೀದರಿನ ಗೃಹಿಣಿ. ಮಗಳು ಬಿ.ಎಸ್ಸಿ. ಎರಡನೇ ವರ್ಷ, ಎನ್‌ಸಿಸಿಯಲ್ಲಿದ್ದಾಳೆ, ಪ್ರಥಮ ಚಿಕಿತ್ಸೆ ಕಲಿತಿದ್ದಾಳೆ. ಹುಮನಾಬಾದ್ ರಸ್ತೆಯಲ್ಲಿ ಏನಾದರೂ ಆದರೆ ಗೆಳತಿಯರ ಜೊತೆ ಹೋಗ್ತಾಳೆ. ಪೊಲೀಸ್ ಕೇಸು, ಕೋರ್ಟು ಅಂತ ಆಗಿ ಓದು ಹಾಳಾದರೆ ಅಂತ ನಮಗೆ ಭಯ. ಈಚೆಗೆ ಒಂದು ಅಪಘಾತ ನೋಡಿ ಬಂದಮೇಲೆ ಸರಿಯಾಗಿ ಊಟ ಮಾಡ್ತಿಲ್ಲ, ಪುಸ್ತಕ ಹಿಡಿದರೆ ಅದೇ ನೆನಪಾಗ್ತದೆ ಅಂತಾಳೆ. ಹೋಗಬೇಡ ಅನ್ನಲಾ?

ಉತ್ತರ: ಅಕ್ಕಾವ್ರೇ, ಕೇಸಿನ ಭಯ ಬಿಟ್ಟುಬಿಡಿ. ಅಪಘಾತದಲ್ಲಿ ನೆರವಾದವರನ್ನು ಕಾಡಬಾರದು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಅದೇ ವರ್ಷ ನಮ್ಮ ರಾಜ್ಯದ ಶಾಸನಸಭೆ ಇದಕ್ಕಾಗಿಯೇ ಒಂದು ಕಾಯ್ದೆ ಪಾಸು ಮಾಡಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನುವ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಕೊಡಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಆಸ್ಪತ್ರೆಗೆ ಮುಟ್ಟಿಸಿದ ಮೇಲೆ ದುಡ್ಡು ಕಟ್ಟು ಅಂತ ಹಿಡಿದಿಡುವಂತಿಲ್ಲ. ಸಾಕ್ಷಿ ಹೇಳೋದು ಬಿಡೋದು ಅವಳ ಇಷ್ಟ. ಇದನ್ನು ಅವಳ ಅಪ್ಪನಿಗೂ ಓದಿ ಹೇಳಿ.

ಭಯ ಪಡಬೇಕಾದದ್ದು ಬೇರೆಯದಕ್ಕೆ. ಹುಮನಾಬಾದ್ ಹತ್ತಿರ ಹಾದುಹೋಗುವ ಹೈದರಾಬಾದ್–ಪುಣೆ ಹೆದ್ದಾರಿಯಲ್ಲಿ ಲಾರಿಗಳು ಬರುವ ವೇಗ ನಿಮಗೂ ಗೊತ್ತು. ಅಪಘಾತ ಆದ ಜಾಗದಲ್ಲೇ ಎರಡನೇ ಅಪಘಾತ ಆಗ್ತದೆ, ನೆರವಿಗೆ ಬಂದವರಿಗೇ ಬಡೀತದೆ. ಹಾಗಾಗಿ ನೀವು ಹಾಕಬೇಕಾದ ಷರತ್ತುಗಳು ಇವು. ಕತ್ತಲಾದಮೇಲೆ ಹೆದ್ದಾರಿಗೆ ಇಳಿಯುವಂತಿಲ್ಲ, ಇಳಿದರೂ ತಂಡದ ದೊಡ್ಡವರೊಬ್ಬರು ಜೊತೆಗೆ ಇರಲೇಬೇಕು. ಹೊಳೆಯುವ ಪಟ್ಟಿ ಇರುವ ಜಾಕೆಟ್ ಇಲ್ಲದೆ ರಸ್ತೆ ಮೇಲೆ ನಿಲ್ಲುವಂತಿಲ್ಲ. ಮೊದಲು 112 ಅಥವಾ 108ಕ್ಕೆ ಫೋನ್, ಆಮೇಲೆ ಕೈ ಹಾಕೋದು. ಗ್ಲೌಸ್ ಇಲ್ಲದೆ ರಕ್ತ ಮುಟ್ಟುವಂತಿಲ್ಲ. ಹೋಗುವಾಗೊಂದು, ವಾಪಸ್ ಹೊರಟಾಗೊಂದು ನಿಮಗೆ ಮೆಸೇಜ್ ಬರಬೇಕು.

ಇನ್ನು ಅವಳ ಊಟದ ವಿಷಯ. ಅದನ್ನು ಹಗುರಾಗಿ ತಗೋಬೇಡಿ, ಹೆದರಲೂ ಬೇಡಿ. ಅಂಥದ್ದನ್ನು ಕಣ್ಣಾರೆ ಕಂಡವರಿಗೆ ಕೆಲವು ದಿನ ನಿದ್ದೆ ಬರದಿರೋದು, ಊಟ ಸೇರದಿರೋದು, ಅದೇ ಚಿತ್ರ ಮತ್ತೆ ಮತ್ತೆ ಬರೋದು ಸಹಜ. ‘ನಾನು ಮೊದಲೇ ಹೇಳಿದ್ದೆ’ ಅಂತ ಮಾತ್ರ ಅನ್ನಬೇಡಿ. ಹಾಗಂದರೆ ಮುಂದೆ ನಿಮ್ಮ ಹತ್ತಿರ ಹೇಳಿಕೊಳ್ಳೋದನ್ನೇ ನಿಲ್ಲಿಸ್ತಾಳೆ. ಅಡುಗೆ ಮಾಡುವಾಗ ಪಕ್ಕ ಕೂರಿಸಿಕೊಳ್ಳಿ, ರೊಟ್ಟಿ ಬಡಿಯುವಾಗ ಏನಾಯ್ತು ಅಂತ ಅವಳಾಗಿ ಹೇಳಿದರೆ ಕೇಳಿ, ಹೇಳದಿದ್ದರೆ ಬಿಡಿ. ಓದೋದಕ್ಕೆ ಈ ವಾರ ಕಷ್ಟದ ಪಾಠ ಬೇಡ. ರೆಕಾರ್ಡ್ ಬರೆಯೋದು, ಚಿತ್ರ ಬಿಡಿಸೋದು, ಹಳೆಯ ನೋಟ್ಸ್ ನಕಲು ಮಾಡೋದು, ಕೈಗೆ ಕೆಲಸ ಇರುವಂಥದ್ದು ಮಾಡಲಿ, ಮನಸ್ಸು ನಿಧಾನಕ್ಕೆ ಜಾಗಕ್ಕೆ ಬರ್ತದೆ. ಆ ದಿನ ಜೊತೆಗಿದ್ದ ಗೆಳತಿಯರು ಒಂದು ಸಲ ಮನೆಗೆ ಬಂದು ಕೂತು ಮಾತಾಡಿದರೆ ಒಳ್ಳೆಯದು, ಅವರಿಗೂ ಇದೇ ಆಗ್ತಿರಬಹುದು. ಕೆಲವು ವಾರ ಕಳೆದರೂ ಕಡಿಮೆ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಹಗಲು ರಾತ್ರಿ ಇರ್ತದೆ.

ಹೋಗಬೇಡ ಅನ್ನಲಾ ಅಂತ ಕೇಳಿದ್ದೀರಿ. ಬೇಡ ಅನ್ನಬೇಡಿ, ಸ್ವಲ್ಪ ದಿನ ಬಿಟ್ಟು ಹೋಗು ಅನ್ನಿ. ಬೀದರಿನಂಥ ಕಡೆ ಗಾಯಗೊಂಡ ಹೆಂಗಸರ ಹತ್ತಿರ ಧೈರ್ಯವಾಗಿ ಹೋಗಿ ಸೀರೆ ಸರಿಪಡಿಸಿ, ಕೈ ಹಿಡಿದು ಮಾತಾಡಿಸುವ ಹುಡುಗಿಯರು ಬಹಳ ಬೇಕು. ಗಂಡಸರು ಸುತ್ತ ನಿಂತಿರ್ತಾರೆ, ಮುಟ್ಟಲು ಹಿಂಜರಿತಾರೆ. ನಿಮ್ಮ ಮಗಳು ಹಿಂಜರಿಯಲಿಲ್ಲ.

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯವನು, ಬಿ.ಎ. ಮೊದಲ ವರ್ಷ. ದಿನಾ ಬಸ್ಸಿನಲ್ಲಿ ಓಡಾಡ್ತೀನಿ. ತುರ್ತು ಸೇವೆಗೆ ಸೇರಬೇಕು ಅಂತ ಆಸೆ, ಆದರೆ ಈಜು ಬರಲ್ಲ. ಕಾಲೇಜು, ಹೊಲದ ಕೆಲಸ ಬಿಟ್ಟರೆ ಉಳಿಯೋದು ಭಾನುವಾರ ಒಂದೇ. ನನ್ನಂಥವರಿಂದ ಏನಾದರೂ ಉಪಯೋಗ ಇದೆಯಾ?

ಉತ್ತರ: ಬಹಳ ಇದೆ ತಮ್ಮಾ. ಈಜು ಬರದಿದ್ದರೂ ನಡೀತದೆ. ಮುಳುಗುತ್ತಿರುವವರ ಹತ್ತಿರ ಈಜಿ ಹೋಗಬೇಡಿ ಅಂತಲೇ ತರಬೇತಿಯಲ್ಲಿ ಮೊದಲು ಹೇಳಿಕೊಡೋದು. ಹಗ್ಗ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನ್ ಎಸೆಯಿರಿ, ಉದ್ದನೆಯ ಬಿದಿರು ಚಾಚಿ. ಈಜು ಬರ್ತದೆ ಅಂತ ಹಾರಿದವರನ್ನು ಮುಳುಗುವವರು ಅಪ್ಪಿ ಹಿಡಿದು, ಇಬ್ಬರೂ ಹೋಗ್ತಾರೆ.

ನಿಮ್ಮ ಊರಿನಲ್ಲಿ ಆಗುವ ತುರ್ತು ಯಾವುದು ಅಂತ ಯೋಚಿಸಿ. ಕೃಷ್ಣಾ ದಂಡೆಯ ಊರಾದರೆ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಬೇಕಾಗೋದು ಒಂದು. ಆದರೆ ಹೊಳೆ ಇಲ್ಲದ ಊರಲ್ಲೂ, ವರ್ಷವಿಡೀ ಇರೋದು ಹಾವು. ತೊಗರಿ ಕೊಯ್ಯುವಾಗ, ಹತ್ತಿ ಬಿಡಿಸುವಾಗ, ರಾತ್ರಿ ನೀರು ಹಾಯಿಸುವಾಗ, ನೆಲದ ಮೇಲೆ ಮಲಗಿದಾಗ. ಕಚ್ಚಿದ ಮೇಲೆ ನಮ್ಮ ಕಡೆ ಏನು ಮಾಡ್ತಾರೆ? ಹೆಗಲ ಮೇಲಿನ ಟವೆಲ್ ತೆಗೆದು ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ತಾರೆ, ಬ್ಲೇಡಿನಲ್ಲಿ ಕೊಯ್ತಾರೆ, ಮಂತ್ರ ಹಾಕುವವರ ಮನೆಗೆ ಕರೆದುಕೊಂಡು ಹೋಗ್ತಾರೆ. ಟವೆಲ್ ಕಟ್ಟಿದ ಕಾಲಿಗೆ ರಕ್ತ ಓಡದೆ ಕಪ್ಪಾಗಿ, ಜೀವ ಉಳಿದರೂ ಕಾಲು ಹೋಗಬಹುದು. ಇದನ್ನು ತಡೆಯಲು ಈಜು ಬೇಕಾ? ಬೇಡ. ನಾಲ್ಕು ಮಾತು ಗೊತ್ತಿದ್ದು, ಹಿರಿಯರ ಎದುರು ಅದನ್ನು ಹೇಳುವ ಧೈರ್ಯ ಇದ್ದರೆ ಸಾಕು.

ಕಟ್ಟಬಾರದು, ಕೊಯ್ಯಬಾರದು, ಹೀರಬಾರದು. ಕಚ್ಚಿದವರನ್ನು ನಡೆಸಬಾರದು, ಓಡಿಸಲಂತೂ ಬಾರದು. ಕಾಲಾದರೆ ಎರಡು ಪಕ್ಕ ಕಟ್ಟಿಗೆಯ ತುಂಡು ಇಟ್ಟು, ಮುರಿದ ಕಾಲಿಗೆ ಕಟ್ಟುವಂತೆ ಸಡಿಲವಾಗಿ ಬಟ್ಟೆ ಸುತ್ತಿ ಅಲುಗದಂತೆ ಮಾಡಬೇಕು. ಬಾವು ಬರುವ ಮೊದಲೇ ಕಾಲುಂಗುರ, ಕಡಗ, ಬಳೆ, ಉಂಗುರ ತೆಗೆಯಬೇಕು. ಕಚ್ಚಿದ ಸಮಯ ಬರೆದುಕೊಳ್ಳಬೇಕು. ಹಾವು ಹುಡುಕಿ ಹೊಡೆಯಲು ಹೋದರೆ ಇನ್ನೊಬ್ಬರಿಗೆ ಕಚ್ಚುತ್ತದೆ. ಆಂಬುಲೆನ್ಸ್ ತಡ ಆದರೆ ಬೈಕ್ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿ, ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ ವಿಷಕ್ಕೆ ಕೊಡುವ ಇಂಜೆಕ್ಷನ್ ಇದೆಯಾ ಕೇಳಿ. ಅದೊಂದೇ ಔಷಧಿ, ಬೇರೆ ಯಾವುದೂ ಇಲ್ಲ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಚ್ಚಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ವರದಿ ಮಾಡಲೇಬೇಕು.

ಭಾನುವಾರ ಒಂದೇ ಅಂದಿರಿ. ನಿಮ್ಮ ಕಾಲೇಜಿನ ಎನ್‌ಎಸ್‌ಎಸ್ ಅಥವಾ ಯುವ ರೆಡ್ ಕ್ರಾಸ್ ಘಟಕಕ್ಕೆ ಹೆಸರು ಕೊಡಿ. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಇರ್ತದೆ, ಜೊತೆಗೆ ಏಳು ದಿನದ ಶಿಬಿರ. ಆ ಶಿಬಿರವನ್ನೇ ಪ್ರಥಮ ಚಿಕಿತ್ಸೆ ಕಲಿಯಲು ಬಳಸಿಕೊಳ್ಳೋಣ ಅಂತ ಅಧಿಕಾರಿಗಳ ಹತ್ತಿರ ಕೇಳಿ ನೋಡಿ. ದಿನಾ ಬಸ್ಸಿನಲ್ಲಿ ಕೂರುವ ಸಮಯ ಇದೆಯಲ್ಲ, ಅದನ್ನು ಓದಿಗೆ ಇಟ್ಟುಕೊಳ್ಳಿ. ಹೋಗುವಾಗ ಒಂದು ಪಾಠ, ಬರುವಾಗ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳೋದು. ಕೊಯ್ಲಿನ ತಿಂಗಳಲ್ಲಿ ಬೇರೆ ಏನೂ ಒಪ್ಪಿಕೊಳ್ಳಬೇಡಿ. ಹೊಲದಲ್ಲೇ ಇರ್ತೀರಿ, ಏನಾದರೂ ಆದರೆ ಮೊದಲು ಸಿಗುವವರೂ ನೀವೇ.

ಪ್ರಶ್ನೆ: ನನಗೆ 17 ವರ್ಷ, ಪಿಯುಸಿ ಎರಡನೇ ವರ್ಷ, ಊರು ಆಳಂದ. ಆಪದ ಮಿತ್ರ ಆಗಬಹುದಾ?

ಉತ್ತರ: ಈಗ ಆಗಲ್ಲ, 18 ತುಂಬಬೇಕು. ಈ ವರ್ಷ ಬೋರ್ಡ್ ಪರೀಕ್ಷೆ ಬೇರೆ ಇದೆ, ಅದನ್ನು ಚೆನ್ನಾಗಿ ಬರೆಯಿರಿ. ಕಲಿಯಲೇಬೇಕು ಅನಿಸಿದರೆ ಸಿಪಿಆರ್ ಒಂದನ್ನು ಕಲಿಯಿರಿ, ಅಂದರೆ ಹೃದಯ ನಿಂತವರ ಎದೆ ಒತ್ತುವ ಚಿಕಿತ್ಸೆ. ಎದೆಯ ಮಧ್ಯಕ್ಕೆ, ನಿಮಿಷಕ್ಕೆ 100ರಿಂದ 120 ಸಲ, ದೊಡ್ಡವರಿಗಾದರೆ ಕನಿಷ್ಠ 5 ಸೆಂಟಿಮೀಟರ್ ಆಳ ಒತ್ತಬೇಕು. ಕಲಿಯೋದು ಬೊಂಬೆಯ ಮೇಲೆ, ತಿಳಿದವರ ಎದುರಿಗೆ. ಚೆನ್ನಾಗಿರುವ ಗೆಳೆಯನ ಎದೆ ಒತ್ತಿ ಅಭ್ಯಾಸ ಮಾಡಬೇಡಿ.

ಪ್ರಶ್ನೆ: ನಾನು ಡಿಗ್ರಿ ಕಾಲೇಜಿನಲ್ಲಿ ಉಪನ್ಯಾಸಕ. ರಾತ್ರಿ ಕೆಲಸ ಮಾಡಿ ಬಂದ ಹುಡುಗರು ಕ್ಲಾಸಿನಲ್ಲಿ ನಿದ್ದೆ ಮಾಡ್ತಾರೆ. ಬೈದರೆ ತಪ್ಪು, ಬಿಟ್ಟರೆ ಉಳಿದವರಿಗೆ ಅನ್ಯಾಯ. ಏನು ಮಾಡಲಿ?

ಉತ್ತರ: ಸಾರ್, ನೀವು ಹೀಗೆ ಕೇಳಿದ್ದೇ ಖುಷಿ ಆಯ್ತು. ಹಾಜರಾತಿಯಲ್ಲಿ ರಿಯಾಯಿತಿ ಕೊಡೋದು ನಿಮ್ಮ ಕೈಯಲ್ಲಿ ಇಲ್ಲ, ನಿಯಮ ಇದೆ. ಆದರೆ ನಿಮ್ಮ ಕೈಯಲ್ಲಿ ಬೇರೆ ಬಹಳ ಇದೆ. ಪ್ಯಾಂಟಿನ ಅಂಚಿಗೆ ರಾಡಿ ಹತ್ತಿಸಿಕೊಂಡು ಕೊನೆಯ ಬೆಂಚಿನಲ್ಲಿ ಕೂತ ಹುಡುಗ ಎಲ್ಲಿಂದ ಬಂದ ಅಂತ ನೋಡಿದರೇ ಗೊತ್ತಾಗ್ತದೆ. ಅವನನ್ನು ಎಬ್ಬಿಸಿ ಪ್ರಶ್ನೆ ಕೇಳಬೇಡಿ. ಅವಧಿ ಮುಗಿದಮೇಲೆ ಕರೆದು, ಈ ವಾರ ತಪ್ಪಿದ ಪಾಠ ಯಾವುದು, ಯಾರ ನೋಟ್ಸ್ ತಗೋಬೇಕು, ಯಾವ ಪುಟ ಓದಿದರೆ ಸಾಕು, ಇಷ್ಟು ಹೇಳಿ. ನೋಟ್ಸ್ ಚೆನ್ನಾಗಿ ಬರೆಯುವ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಅವನಿಗೆ ಜೊತೆ ಮಾಡಿ. ಇದರಿಂದ ಉಳಿದವರಿಗೆ ಅನ್ಯಾಯ ಆಗಲ್ಲ. ಜ್ವರ ಬಂದು ತಪ್ಪಿಸಿದವರಿಗೂ ನೀವು ಇಷ್ಟು ಮಾಡೇ ಮಾಡ್ತೀರಿ.

ಆಂತರಿಕ ಪರೀಕ್ಷೆ ತಪ್ಪಿದವರಿಗೆ ಮತ್ತೆ ಬರೆಸುವ ಅವಕಾಶ ನಿಮ್ಮ ಕಾಲೇಜಿನಲ್ಲಿ ಇದ್ದರೆ, ಜಿಲ್ಲಾಡಳಿತದ ಹಾಜರಿ ಪತ್ರ ತಂದವರಿಗೆ ಮಾತ್ರ ಕೊಡಿ, ಸುಮ್ನೆ ತಂಡದ ಫೋಟೊ ತೋರಿಸಿದವರಿಗೆ ಬೇಡ. ಪ್ರಶ್ನೆಪತ್ರಿಕೆ ಬೇರೆ ಇರಲಿ, ಮಟ್ಟ ಅದೇ ಇರಲಿ. ಮೂರನೇ ಸಲವೂ ಅದೇ ಹುಡುಗ ಪತ್ರ ಹಿಡಿದು ಬಂದರೆ ಅವನ ತಂಡದ ಮುಖ್ಯಸ್ಥರಿಗೆ ನೀವೇ ಒಂದು ಫೋನ್ ಮಾಡಿ, ಇವನ ಪರೀಕ್ಷೆಯ ವೇಳಾಪಟ್ಟಿ ಇದು ಸಾರ್, ಈ ದಿನಗಳಲ್ಲಿ ಕರೆಯಬೇಡಿ ಅಂತ ಹೇಳಿ. ಹುಡುಗರು ತಾವಾಗಿ ಹೇಳಲು ಹಿಂಜರಿತಾರೆ. ಮೇಷ್ಟ್ರು ಹೇಳಿದರೆ ಅವರು ಕೇಳ್ತಾರೆ.